ಇಲ್ಲೇ ಐತಿ

ಕುಂದರು ತಂಗಿ. ಚೀಲ ಇಳಸು, ಅದನ್ಯಾರೂ ಒಯ್ಯೂದಿಲ್ಲ.
ನನ್ನ ಮಾತು ನಿನಗ ತಿಳಿಯಂಗಿಲ್ಲ, ಗೊತ್ತೈತಿ.
ಆದ್ರೂ ಹೇಳ್ತೀನಿ,
ಖಾನಾವಳಿ ನಡಸಾಕಿಗೆ ಸುಮ್ನ ನೀಡೂದು ಬರಂಗಿಲ್ಲ.

ಲಕ್ಕುಂಡಿಗೆ ಹೋಗೂದಿದ್ರ ಮುಂಜಾನೆ ಹೋಗು,
ಕಲ್ಲು ಕಾಯೂದ್ರೊಳಗ ಬಾವಿ ಮೆಟ್ಟಿಲ ಇಳಿ.
ದಾರಿ ಕೇಳಿದ್ರ "ಇಲ್ಲೇ ಐತಿ" ಅಂತಾರ.
ಆ ಇಲ್ಲೇದಾಗ ಎರಡು ಮೈಲಿ ಹಿಡೀತಾವ,
ಬಾಟ್ಲಿ ತುಂಬ್ಕೊ.

ಬಸ್ಸಿನ್ಯಾಗ ಸೀಟಿನ ಮ್ಯಾಲೆ ಟಾವೆಲ್ ಬಿದ್ದಿದ್ರ
ಅಲ್ಲಿ ಮನಶ್ಯಾ ಕುಂತಾನಂತ ತಿಳಿ.
ಯಾವೂರು, ಅಪ್ಪ ಏನ ಮಾಡ್ತಾನ, ಲಗ್ನ ಆಗೇತೇನು
ಅಂತ ಬಾಜೂಕಿನಾಕಿ ಕೇಳ್ತಾಳ.
ಸಿಟ್ಟಾಗಬ್ಯಾಡ,
ಗದಗ ಬರೂತನ ಆಕಿಗೂ ಹೊತ್ತು ಹೋಗಬೇಕಲ್ಲ.
ಸುಳ್ಳು ಹೇಳಿದ್ರೂ ನಡೀತೈತಿ,
ಗಂಡನ ಹೆಸರು ಮಾತ್ರ ನೆನಪಿಟ್ಕೊ, ಮತ್ತ ಕೇಳ್ತಾಳ.

ಖಾರ ಹತ್ತೇತೇನು? ನೀರ ಕುಡೀಬ್ಯಾಡ, ಮೊಸರ ಹಚ್ಚು.
ಸಾಕಂದ್ರ ತಾಟಿಗೆ ಕೈ ಅಡ್ಡ ಹಿಡೀಬೇಕು, ಹಿಂಗ.
ಬಾಯಿಲೆ ಅಂದ್ರ ಕೇಳೂ ಮಂದಿ ಅಲ್ಲ ನಾವು.

ಇಷ್ಟೆಲ್ಲಾದ್ರಾಗ ಇದೊಂದು ತಿಳೀತು ನೋಡು,
ಹಿಡದ್ಲು ಕೈ.
ರೊಟ್ಟಿ ಹೊಗಿಯಾಡೂದು ಕಂಡು
ಮೆಲ್ಲಕ ತಗದ್ಲು.

ರುದ್ರವ್ವಾ, ಇನ್ನೊಂದು ಬಡಿ.