ಚುಕ್ಕಿ

ಉದ್ಯಮಬಾಗ, ರಾತ್ರಿ ಪಾಳಿ.
ಪಕ್ಕದ ಫೌಂಡ್ರಿಯ ಮಸಿ ಕುಂತ ಕಿಟಕಿ,
ಕೆಳಗೆ ಹಳೇ ಕಂಪ್ಯೂಟರು,
ಕೀಲಿಗಳ ಮೇಲೆ ಕೂಲಂಟಿನ ಜಿಗುಟು.

ಹೋದ ಮಂಗಳವಾರ ಒಂದು ಚುಕ್ಕಿ ಬಿಟ್ಟೆ.
ಝಡ್ ಐವತ್ತು ಅಂತ ಬರೆದೆ, ಕೊನೆಗೆ ಚುಕ್ಕಿ ಇಡಲಿಲ್ಲ.
ಮಷೀನಿಗೆ ಅದು ಐವತ್ತು ಮೈಕ್ರಾನು.
ಗೇಣುದ್ದ ಮೇಲೇಳುತ್ತದೆ ಅಂತ ನಾ ನಂಬಿದ್ದ ಟೂಲು
ಕೂದಲೆಳೆಯಷ್ಟು ಎದ್ದು
ಪೂರಾ ವೇಗದಲ್ಲಿ ಅಡ್ಡ ಓಡಿ
ಕ್ಲಾಂಪಿಗೆ ಬಡಿಯಿತು.
ಭರಮಣ್ಣ ರೊಟ್ಟಿ ಬಿಟ್ಟು ಎದ್ದು ಬಂದ. ಬೈಲಿಲ್ಲ.
'ನಾಕ ಸಾವಿರದ ಚುಕ್ಕಿ,
ನುಂಗಿಬಿಟ್ಟಿ ನೋಡವಾ' ಅಂದ.

ಈ ಎಡಿಟರಿಗೆ ಪೈಥಾನ್ ಗೊತ್ತು, ಜಾವಾ ಗೊತ್ತು,
ನಲವತ್ತು ಭಾಷೆಗೆ ಬಣ್ಣ ಹಚ್ಚಲು ಗೊತ್ತು.
ನಮ್ಮ ಫೈಲು ತೆರೆದರೆ ಮಾತ್ರ
ತಲೆಯಿಂದ ಕಾಲತನಕ ಒಂದೇ ಬೂದಿ.
ಕೆಳಮೂಲೆಯಲ್ಲಿ ನಮಗದು ಇಟ್ಟ ಹೆಸರು:
ಸಾದಾ ಅಕ್ಷರ.
ಚಹಾ ತರುವ ಪೋರನಿಗೂ ಮೂರು ಭಾಷೆ ಬರುವ ಊರು ಇದು.
ಇದಕ್ಕೆ ಇನ್ನೊಂದು ಕಲಿಸಲಾಗದೆ?

ಕೂತೆ.
ಜಿ ಸೊನ್ನೆ ಸೊನ್ನೆ: ಓಡು. ಕೇಸರಿ.
ಜಿ ಸೊನ್ನೆ ಒಂದು: ಕೊರೆಯುತ್ತ ನಡೆ. ಹಸಿರು.
ಎಂ ಸೊನ್ನೆ ಎಂಟು: ನೀರು ಬಿಡು. ನೀಲಿಯಲ್ಲದೆ ಇನ್ನೇನು.
ಆಮೇಲೆ ಚುಕ್ಕಿಯ ನಿಯಮ:
ಅಕ್ಷರ, ಅದರ ಬೆನ್ನಿಗೆ ಅಂಕಿ,
ಅಂಕಿ ಮುಗಿದರೂ ಚುಕ್ಕಿ ಬಾರದಿದ್ದರೆ ಕೆಂಪು.
ನಿಯಮ ಬರೆಯುವ ಭಾಷೆಯಲ್ಲಿ ಮತ್ತೆ
ಚುಕ್ಕಿ ಅಂದರೆ ಯಾವುದಾದರೂ ಆದೀತಂತೆ.
ಚುಕ್ಕಿ ಬರೀ ಚುಕ್ಕಿಯಾಗಲು
ಮುಂದೊಂದು ಓರೆಗೆರೆ ನಿಲ್ಲಿಸಬೇಕು,
ಸಾಕ್ಷಿಗೆ ಬಂದವರ ಹಾಗೆ.

ಮೊದಲ ಸಲ ಇಡೀ ಫೈಲಿಗೆ ಬೆಂಕಿ ಬಿತ್ತು.
ಸಾಲಿನ ನಂಬರಿಗೆ ಚುಕ್ಕಿ ಇಲ್ಲ,
ತಿರುಗುವ ವೇಗಕ್ಕೂ ಇಲ್ಲ, ಬೇಕಾಗಿಯೂ ಇಲ್ಲ.
ಎಕ್ಸ್, ವೈ, ಝಡ್ ಮೂವರಿಗಷ್ಟೇ ಅಂತ ತಿದ್ದಿದೆ.
ಆರಿತು.

ಉಳಿದದ್ದು ಕಂಸದೊಳಗಿನ ಮಾತು.
ಮಷೀನು ಅದನ್ನು ದಾಟಿಕೊಂಡು ಹೋಗುತ್ತದೆ,
ಎಲ್ಲರೂ ಅದಕ್ಕೆ ಮಸುಕು ಬಣ್ಣ ಕೊಡುತ್ತಾರೆ.
ಭರಮಣ್ಣನ ಹನ್ನೊಂದು ವರ್ಷದ ಹಳೇ ಪ್ರೋಗ್ರಾಮು ತೆರೆದೆ.
ಇಂಗ್ಲಿಷ್ ಅಕ್ಷರ, ನಮ್ಮ ಮಾತು:
ಸಾವಕಾಶ.
ಇಲ್ಲಿ ಕಿವಿ ಕೊಡು, ಸಪ್ಪಳ ಬದಲಾಗತೈತಿ.
ಚಹಾ ಕುಡದ ಬಾ, ಹನ್ನೆರಡ ಮಿನಿಟ ಹತ್ತತೈತಿ.
ಮಸುಕು ಅಳಿಸಿ ಅರಿಶಿಣ ಹಚ್ಚಿದೆ.

ಕರೆದು ತೋರಿಸಿದೆ.
ಎಣ್ಣೆಗೈ ಬೆನ್ನಿಗೆ ಕಟ್ಟಿ ಬಹಳ ಹೊತ್ತು ನೋಡಿದ.
ತನ್ನ ಮಾತಿನ ಮುಂದೆ ನಿಲ್ಲಲಿಲ್ಲ, ನಾಚಿಕೆಯೋ ಏನೋ.
ಮುನ್ನೂರಾ ನಲವತ್ತನೇ ಸಾಲಿಗೆ ಬಂದು ನಿಂತ.
ಅಲ್ಲೊಂದು ಕೆಂಪು: ಎಕ್ಸ್ ಸೊನ್ನೆ, ಚುಕ್ಕಿ ಇಲ್ಲ.

'ಸೊನ್ನಿಗೆ ಎದಕ್ಕವಾ ಚುಕ್ಕಿ?
ಇಟ್ಟರೂ ಅಷ್ಟ, ಬಿಟ್ಟರೂ ಅಷ್ಟ.'

ಖರೆ.
ಸೊನ್ನೆಯನ್ನು ಬಿಟ್ಟುಬಿಡುವ ನಿಯಮ
ಇನ್ನೂ ಬರೆದಿಲ್ಲ.