ನಿಲ್ಲಲಾರದ ಬಟ್ಟಲು

ಅಪ್ಪ ಹುಡುಗರಿಗೆ ಪಾಠ ಹೇಳುತ್ತಿದ್ದದ್ದು
ಗೋಡೆಯಾಚೆ. ಈಚೆ ನಾನು
ಮಾಂಸಕ್ಕೆ ಕಲ್ಲುಪ್ಪು ಸವರುತ್ತ.
ಹಲಗೆ ಓರೆಯಾಗಿರಲಿ, ಅಮ್ಮನ ಅಪ್ಪಣೆ,
ನೆತ್ತರು ನಿಲ್ಲದೆ ಇಳಿದು ಹೋಗಬೇಕು.
ಹೆಣ್ಣುಮಕ್ಕಳ ಪಾಲಿನ ಶಾಸ್ತ್ರ ಇಷ್ಟೇ:
ಒಂದು ತಾಸು ಉಪ್ಪು, ಆಮೇಲೆ ಮೂರು ನೀರು.

ಜೆರ್ಬಾ ದ್ವೀಪ. ಸುಣ್ಣದ ಗೋಡೆ, ನೀಲಿ ಕದ,
ಕದದ ಮೇಲೆ ಅಜ್ಜಿ ಬರೆದ ಮೀನು.
ಯೆರೂಸಲೇಮಿನ ಗುಡಿ ಬಿದ್ದು
ಎರಡು ಸಾವಿರ ವರ್ಷ ಸಮೀಪಿಸಿತು;
ಅಪ್ಪ ಮಾತ್ರ ನಿನ್ನೆ ಅಲ್ಲಿಂದ ಬಂದವನ ಹಾಗೆ ಹೇಳುವನು:
ಬಟ್ಟಲು ಬಲಗೈಯಲ್ಲಿ. ಎಡಗೈ ಹಿಡಿದರೆ ಕೆಟ್ಟಿತು.
ಬರಿಯ ಪಾದ ನೇರ ಕಲ್ಲಿಗೆ ತಾಗಬೇಕು,
ನಡುವೆ ಒಂದು ಚಿಂದಿಯೂ ಕೂಡದು.
ಕೊರಳಿಂದ ನೆಲಕ್ಕೆ ಸುರಿದದ್ದು
ಬಳಿದು ತುಂಬಿದರೂ ಸಲ್ಲದು;
ಬಟ್ಟಲಿಂದ ನೆಲಕ್ಕೆ ಚೆಲ್ಲಿದ್ದು
ಬಳಿದು ತುಂಬಿದರೆ ಸಲ್ಲುತ್ತದೆ.

ಯಾಕೆ? ತಮ್ಮ ಹ್ವಾತು. ಪ್ರತಿಸಲ ಅವನೇ.
ಬಟ್ಟಲು ಮೊದಲು ಮುಟ್ಟಿದರೆ ಬಟ್ಟಲಿನದು, ಮಗು,
ಆಮೇಲೆ ಎಲ್ಲಿ ಬಿದ್ದರೂ.

ಪಸ್ಕದ ಹಿಂದಿನ ಮಧ್ಯಾಹ್ನ ಯಾಜಕರ ಸಾಲು,
ಬೆಳ್ಳಿಯ ಸಾಲು ಬರೀ ಬೆಳ್ಳಿ, ಚಿನ್ನದ ಸಾಲು ಬರೀ ಚಿನ್ನ,
ತುಂಬಿದ್ದು ಆ ಕಡೆಗೆ, ಬರಿದಾದದ್ದು ಈ ಕಡೆಗೆ,
ಕೈಯಿಂದ ಕೈಗೆ ಕೈಗೆ ಕೈಗೆ.
ಆ ಬಟ್ಟಲುಗಳಿಗೆ ಚಪ್ಪಟೆ ಬುಡವಿಲ್ಲ.
ಇಟ್ಟರೆ ಮರೆತಾರು,
ಮರೆತರೆ ಹೆಪ್ಪುಗಟ್ಟೀತು.

ಇಲ್ಲಿಗೆ ಬಂದಾಗ ನನ್ನ ಕೈ
ಉಪ್ಪಿನಲ್ಲಿ ನಿಂತುಬಿಡುತ್ತಿತ್ತು.

ಇನ್ನೊಬ್ಬನಿದ್ದ. ಉಪವಾಸದ ಮಹಾದಿನ
ಮಹಾಯಾಜಕ ಧೂಪ ಹಿಡಿದು ತೆರೆಯ ಹಿಂದೆ ಹೋಗುವಾಗ
ಹೋರಿಯ ನೆತ್ತರು ಇವನ ಕೈಗೆ.
ನಾಲ್ಕನೆಯ ಸಾಲಿನ ಹಾಸುಗಲ್ಲ ಮೇಲೆ ನಿಂತು
ಕಲಕಬೇಕು, ಕಲಕುತ್ತಲೇ ಇರಬೇಕು
ಅವನು ಹೊರಗೆ ಬರುವತನಕ.
ಅವನ ಹೆಸರೇನಪ್ಪಾ? ಗೋಡೆಗೆ ಬಾಯಿಟ್ಟು ಕೇಳಿದೆ ಒಮ್ಮೆ.
ಹುಡುಗರು ಕಿಸಕ್ಕೆಂದರು.
ಗ್ರಂಥದಲ್ಲಿಲ್ಲ, ಎಂದು ಅಪ್ಪ ಪುಟ ಮಗುಚಿದ.

ಈಗ ಮಾರ್ಸೇಯ ಒಂದು ಆಸ್ಪತ್ರೆ, ರಕ್ತನಿಧಿ.
ಎದೆಯ ಮೇಲೆ ಕಮೂನಾ ಎಂಬ ಚೀಟಿ.
ಬಂದರಿನ ಹಮಾಲಿ, ಟ್ರಾಮ್ ಓಡಿಸುವ ಹೆಂಗಸು,
ಕೊಮೊರೊ ದ್ವೀಪದ ಉದ್ದ ಬೆರಳಿನ ಪೋರ
ತೋಳು ಚಾಚಿ ಸೂರು ನೋಡುತ್ತಾರೆ.
ಕೊಳವೆಯ ತುದಿಗೆ ಚೀಲ, ಚೀಲದಡಿ ತೊಟ್ಟಿಲಿನಂಥ ಯಂತ್ರ
ತೂಗುತ್ತದೆ ಅತ್ತ ಇತ್ತ, ಹೆಪ್ಪುಗಟ್ಟದ ಹಾಗೆ.
ಚೀಲಕ್ಕೂ ಬುಡವಿಲ್ಲ. ನಿಲ್ಲಿಸಿ ನೋಡಿದ್ದೇನೆ, ಮಲಗುತ್ತದೆ.
ಒಂದು ಬಲಿಯದು ಇನ್ನೊಂದಕ್ಕೆ ಬೆರೆತರೆ ಏನೆಂದು
ಪಂಡಿತರು ಪುಟಗಟ್ಟಲೆ ವಾದಿಸಿದರು.
ನಮ್ಮಲ್ಲಿ ವಾದವಿಲ್ಲ. ಬೆರೆತರೆ ಒಂದು ಹೆಣ.

ಗುಡಿಯಲ್ಲಿ ಉಳಿದದ್ದು ಪೀಠದ ಬುಡಕ್ಕೆ,
ಮೂಗಿನ ಹೊಳ್ಳೆಯಂಥ ಎರಡು ತೂತಿನಿಂದ
ಕಾಲುವೆಗೆ, ಕಿದ್ರೋನ್ ಹಳ್ಳಕ್ಕೆ;
ತೋಟದವರು ಕಾಸು ಕೊಟ್ಟು ಗೊಬ್ಬರಕ್ಕೆ ಒಯ್ದರು.
ಅವಧಿ ಮೀರಿದ ನಮ್ಮ ಚೀಲಗಳು ಹಳದಿ ಡಬ್ಬಿಗೆ,
ಡಬ್ಬಿ ಬೆಂಕಿಗೆ. ಕೇಳಿ ಬರುವ ತೋಟದವರಿಲ್ಲ.

ಜನವರಿಯ ಒಂದು ಸಂಜೆ ಕರೆಂಟು ಹೋಯಿತು.
ಯಂತ್ರ ಅರ್ಧ ತೂಗಿನಲ್ಲೇ ನಿಂತಿತು.
ಟ್ರಾಮಿನವಳ ತೋಳಿಂದ ಇನ್ನೂ ಇಳಿಯುತ್ತಿತ್ತು;
ಚೀಲ ಎತ್ತಿಕೊಂಡೆ, ಬಿಸಿಯಿತ್ತು, ಆಗತಾನೆ ಸುಟ್ಟ ರೊಟ್ಟಿಯಷ್ಟು.
ಕತ್ತಲಲ್ಲಿ ತೂಗಿದೆ. ಅತ್ತ. ಇತ್ತ.
ಕಾಲಡಿಯ ಟೈಲು ಗೋಡೆಯಿಂದ ಎಷ್ಟನೆಯ ಸಾಲೆಂದು
ಎಣಿಸಲಿಲ್ಲ.
ಎಣಿಸಿದೆ. ಆರು.

ಎಡಗೈಯಲ್ಲೇ ತೂಗಿದ್ದೆಂದು ತಿಳಿದದ್ದು ಆಮೇಲೆ.
ಹುಟ್ಟಾ ಎಡಚಿ ನಾನು. ಉಪ್ಪಿನ ಹಲಗೆಯ ಮುಂದೆ
ಅಮ್ಮ ಸೌಟಿನಿಂದ ಎಷ್ಟೋ ಸಲ ತಟ್ಟಿದ ಕೈ.
ಕೆಟ್ಟಿತೇ ಅಪ್ಪಾ? ಗೋಡೆ ಇರಲಿಲ್ಲ, ಕೇಳಲು.
ಕಾಲಲ್ಲಿ ರಬ್ಬರಿನ ಚಪ್ಪಲಿ ಬೇರೆ.

ತುಂಬಿತೇ? ಅಂದಳು ಟ್ರಾಮಿನವಳು, ನಿದ್ದೆಗಣ್ಣಲ್ಲಿ.
ಇನ್ನೂ ಸ್ವಲ್ಪ, ಅಂದೆ.
ನಿನ್ನ ಹೆಸರು?
ಹೇಳಿದೆ. ಅಷ್ಟರಲ್ಲಿ ದೀಪ ಬಂತು,
ತೊಟ್ಟಿಲು ಬರಿದೇ ತೂಗತೊಡಗಿತು,
ನಾನು ಚೀಲ ಕೆಳಗಿಡಲಿಲ್ಲ.