ಒಂಬತ್ತನೆಯ ಚೌಕ

ಸೋಮವಾರ ಬೆಳಿಗ್ಗೆ, ಕಾಯಾನಿಯ ಆಸ್ಪತ್ರೆಯಲ್ಲಿ
ಅಂಗಿ ಕಳಚಿ ಬೆನ್ನು ತಿರುಗಿಸಿ ಕೂತ ಇಲ್ಪೊ,
ಕಿಟಕಿ ಚೌಕಟ್ಟು ಮಾಡುವ ಬಡಗಿ.
ಅಂಗೈ ತುಂಬ ಬಿರುಕು, ಬಿರುಕಿನೊಳಗೆ ರಕ್ತ.

ಮೂರು ಪಟ್ಟಿ, ಪಟ್ಟಿಗೆ ಹತ್ತು ಅಲ್ಯುಮಿನಿಯಂ ಬಟ್ಟಲು,
ಒಂದೊಂದೂ ಹುರುಳಿಕಾಳು ಹಿಡಿಯುವಷ್ಟು:
ನಿಕ್ಕಲ್ಲು, ಕ್ರೋಮು, ರಬ್ಬರಿನ ಪುಡಿ, ಅತ್ತರು,
ಪೈನ್ ಮರದ ಅಂಟು.
ಅಂಚಿಗೆ ನೇರಳೆ ಮಸಿಯ ಗೆರೆಯೆಳೆದು ಹೇಳಿದೆ:
ನೀರು ತಾಗಬಾರದು, ಬೆವರಬಾರದು,
ತುರಿಸಿದರೂ ಕೆರೆಯಬಾರದು, ಶುಕ್ರವಾರದವರೆಗೆ.
‘ಸೌನಾ?’
ಸೌನಾ ಇಲ್ಲ.
ಜೈಲಿಗೆ ಹಾಕಿದವಳನ್ನು ನೋಡುವಂತೆ ನೋಡಿದ.

ಇಪ್ಪತ್ತೆರಡು ವರ್ಷದಿಂದ ಬೆನ್ನು ಓದುವುದೇ ನನ್ನ ಕಸುಬು.
ತನ್ನ ಬೆನ್ನು ತನಗೆ ಕಾಣದು ಎಂಬ ಮಾತಿನ ಮೇಲೆ
ನನ್ನ ಸಂಬಳ ನಿಂತಿದೆ.
ಮುಖ ಮೊದಲ ದಿನವೇ ಏನೇನೋ ಹೇಳಿಬಿಡುತ್ತದೆ,
ಬೆನ್ನಿಗೆ ನಾಲ್ಕು ದಿನ ಬೇಕು.

ಬುಧವಾರ ಪಟ್ಟಿ ಕಿತ್ತೆ.
ಒಂಬತ್ತರ ಮೇಲೆ ಮಾತ್ರ ನಸುಗೆಂಪು.
‘ಒಂಬತ್ತರಲ್ಲಿ ಏನಿದೆ?’ ಹೇಳಿದೆ.
ಬಹಳ ಹೊತ್ತು ಅಂಗಿಯ ಗುಂಡಿ ಹಾಕುತ್ತಲೇ ಇದ್ದ.
‘ಅಮ್ಮ ಕೇಳಿದರೆ ಮರ ಅನ್ನಿ. ಅಷ್ಟು ಸಾಕು.’

ಶುಕ್ರವಾರ ಅಮ್ಮನನ್ನೂ ಕರೆತಂದ, ಅಥವಾ ಅವಳೇ ಅವನನ್ನು:
ಹೆಲ್ವಿಗೆ ಎಂಬತ್ತು ದಾಟಿದೆ, ಕಾರು ಇನ್ನೂ ಅವಳ ಕೈಯಲ್ಲೇ.
ಒಂಬತ್ತನೆಯ ಚೌಕ ಕೆಂಡವಾಗಿತ್ತು,
ಬೆರಳಾಡಿಸಿದರೆ ಉಬ್ಬು, ಮೇಲೆ ಸಾಸಿವೆಯಂಥ ಗುಳ್ಳೆ.
ಮರ, ಎಂದೆ.
‘ಮರದ್ದು ಏನು?’ ಎಂದಳು ಹೆಲ್ವಿ. ‘ಅಂಟೋ?’
ಅವನ ಬೆನ್ನು ಬಿಗಿಯಿತು. ಅದನ್ನೂ ಓದಿದೆ.

ಚೀಲದಿಂದ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.
ತಾನೇ ಕಾಡಿಗೆ ಹೋಗಿ, ಮರದ ಗಾಯದಿಂದ ಅಂಟು ಕೆರೆದು,
ಬೆಣ್ಣೆಯಲ್ಲಿ ಕಾಯಿಸಿ ಸೋಸಿದ್ದು;
ಅವನ ಮೊದಲ ಮೊಣಕಾಲ ತರಚಿನಿಂದ ಹಿಡಿದು
ಮೊನ್ನೆ ಭಾನುವಾರ ರಾತ್ರಿಯವರೆಗೆ
ಬಿರುಕು ಹೆಚ್ಚಿದಷ್ಟೂ ದಪ್ಪಗೆ ಹಚ್ಚಿದ್ದು.

ಅಳಲಿಲ್ಲ.
‘ಇನ್ನೂ ಆರು ಡಬ್ಬಿ ಇವೆ ಮನೆಯಲ್ಲಿ,’ ಎಂದಳು,
‘ಪಕ್ಕದವರ ಕುದುರೆಯ ಗೊರಸಿಗಾದೀತು.’
ಆಮೇಲೆ ಎದ್ದು, ಬೆನ್ನಿನ ಹತ್ತಿರ ಬಂದು,
ಮುಟ್ಟಲು ಚಾಚಿದ ಬೆರಳನ್ನು ಹಿಂದೆಗೆದು
ಉಫ್ ಎಂದು ಊದಿದಳು.
ನಲವತ್ತೊಂಬತ್ತು ವರ್ಷದ ಮಗ
ಕಣ್ಣು ಮುಚ್ಚಿ ಕೂತಿದ್ದ.

ಡಬ್ಬಿ ನನ್ನ ಮೇಜಿನ ಮೇಲೆಯೇ ಉಳಿಯಿತು.
ಈ ಚಳಿಗಾಲ ನನ್ನ ಹೆಬ್ಬೆರಳೂ ಒಡೆದಿದೆ.
ಮುಚ್ಚಳ ತೆರೆದರೆ ಇಡೀ ಕಾಡು ಕೋಣೆಗೆ ಬರುತ್ತದೆ.
ಮೂಸುತ್ತೇನೆ, ಮುಚ್ಚುತ್ತೇನೆ.
ನನ್ನ ಬೆನ್ನನ್ನು ಇನ್ನೂ ಯಾರೂ ಓದಿಲ್ಲ.